ಲಿಂಗಯ್ಯನ ಪಥ್ಯ

ಮೊನ್ನೆ ಬೆಳಿಗ್ಗೆ ಬೈರಿದೇವರಕೊಪ್ಪದ ಕಡೆಯಿಂದ ಬರುವ ಸೊಪ್ಪು-ತಪ್ಪಲ ಮಾರುವವಳು ಗೇಟಿನ ಹತ್ತಿರ ಬುಟ್ಟಿ ಇಳಿಸಿ, ಮೇಲಿನ ಒದ್ದೆ ಅರಿವೆ ಸರಿಸಿದಳು. ಒಳಗೆ ಹಕ್ಕರಕಿ. ವಿದ್ಯಾನಗರದ ಈ ಮನೆಗೆ ಬಂದ ಮೇಲೆ ಕೋಸು, ಹೂಕೋಸು ನೋಡಿ ನೋಡಿ ಬೇಸತ್ತಿದ್ದೆ. ಹೊಲದ ಸಾಲಿನಲ್ಲಿ ಹುಟ್ಟುವ, ರೊಟ್ಟಿಯ ಜೊತೆಗೆ ಹಸಿಯಾಗಿಯೇ ತಿನ್ನುವ ಈ ಎಲೆಯನ್ನು ಕಂಡು ಎಷ್ಟು ಕಾಲವಾಗಿತ್ತೋ. ಒಂದು ಎಲೆ ಹರಿದು ಮೂಗಿಗೆ ಹಿಡಿದೆ. ಹಸಿಮಣ್ಣಿನ ವಾಸನೆ, ಅದರ ಹಿಂದೆ ಸಣ್ಣಗೆ ಕಹಿ… ನಮ್ಮ ಅತ್ತೆ ಎದುರಿಗೆ ಬಂದು ನಿಂತಂತಾಯಿತು.

ನೆನಪಾಗಲು ಇನ್ನೊಂದು ಕಾರಣವೂ ಇತ್ತೆನ್ನಿ. ಹಿಂದಿನ ವಾರವಷ್ಟೇ ನನ್ನ ರಕ್ತ ತಪಾಸಣೆ ಮಾಡಿಸಿದ ಡಾಕ್ಟರ್ ಹುಡುಗಿ, ಅಜ್ಜಿ, ನಿಮಗೆ ಸಕ್ಕರೆ ಬೇನೆ ಬಂದಿದೆ, ಇನ್ನು ಅನ್ನ, ಸಿಹಿ, ಬಟಾಟಿ ಎಲ್ಲ ಕಡಿಮೆ ಮಾಡಬೇಕು ಎಂದು ಹೇಳಿ, ಏನೋ ಹೊಸ ಸುದ್ದಿ ತಂದವಳ ಹಾಗೆ ನನ್ನ ಮುಖ ನೋಡಿದ್ದಳು. ಹೊಸದೇನು ಬಂತು! ಈ ಪಥ್ಯವನ್ನು ನಾನು ಸೊಸೆಯಾಗಿ ಹೋದ ಹೊಸತರಲ್ಲೇ ಕಣ್ಣಾರೆ ಕಂಡವಳು. ಮನುಷ್ಯರಷ್ಟೇ ಅಲ್ಲ, ದೇವರೂ ಈ ಪಥ್ಯ ಹಿಡಿದದ್ದನ್ನು ಕಂಡವಳು.

ನಾನು ಆ ಮನೆಗೆ ಹೋದಾಗ ದೊಡ್ಡ ಯುದ್ಧ ಇನ್ನೂ ಸುರುವಾಗಿರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಮನೆ. ಮಾವನವರದು ಹತ್ತಿ, ಕಾಳುಕಡಿಯ ವ್ಯಾಪಾರ. ಹಳ್ಳಿಗಳಿಂದ ಗಾಡಿ ಹೊಡೆದುಕೊಂಡು ಬಂದ ರೈತರು ಮಾಲು ಇಳಿಸಿ ಸೀದಾ ನಮ್ಮ ಪಡಸಾಲೆಗೆ ಬರುತ್ತಿದ್ದರು. ಬಂದವರು ಉಣ್ಣದೆ ಹೋಗುವಂತಿಲ್ಲ. ಅತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದರೆ ಓಣಿಯ ತುದಿಗೆ ಕೇಳಿಸುತ್ತಿತ್ತು. ಎತ್ತರದ ಆಳು, ತುಂಬಿದ ಮೈ, ಹಣೆತುಂಬ ವಿಭೂತಿ. ಇಳಕಲ್ ಸೀರೆಯ ಸೆರಗು ಅವರ ನೆತ್ತಿಯಿಂದ ಸರಿದದ್ದನ್ನು ನಾನು ಕಂಡಿಲ್ಲ. ಮೊದಮೊದಲು ಅವರ ಎದುರಿಗೆ ನಿಂತು ಮಾತಾಡಲು ನನಗೆ ಬಾಯಿ ಒಣಗುತ್ತಿತ್ತು. ಬೈಯುವವರೇನಲ್ಲ. ಆದರೆ ಒಂದು ಸಲ ತಿರುಗಿ ನೋಡಿದರೆ ಕೈಯಲ್ಲಿನ ತಂಬಿಗೆ ನಡುಗಬೇಕು, ಹಾಗಿತ್ತು ಆ ನೋಟ.

ಅಂಥ ಹೆಂಗಸಿಗೆ ಇದ್ದದ್ದು ಒಂದೇ ಚಪಲ. ಹೋಳಿಗೆ. ಕಡಲೆಬೇಳೆಯ ಹೂರಣ ರುಬ್ಬಿ, ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಹಾಕಿ ತುಪ್ಪ ಬಿಟ್ಟರೆ ಆ ವಾಸನೆಗೆ ಅವರ ಮುಖ ಸಣ್ಣ ಹುಡುಗಿಯ ಮುಖವಾಗುತ್ತಿತ್ತು. ಹಬ್ಬದ ಮರುದಿನ ತಂಗಳು ಹೋಳಿಗೆಗೆ ಹಾಲು ಹಾಕಿಕೊಂಡು ಗೋಡೆಗೆ ಒರಗಿ ತಿನ್ನುತ್ತ ಕುಳಿತರೆ, ಆ ಹೊತ್ತಿನಲ್ಲಿ ಏನು ಕೇಳಿದರೂ ಹೂಂ ಅನ್ನುವವರು. ನಾನು ತವರಿಗೆ ಹೋಗಲು ಅಪ್ಪಣೆ ಕೇಳುತ್ತಿದ್ದದ್ದೂ ಆ ಹೊತ್ತು ನೋಡಿಯೇ.

ನಮ್ಮ ಮನೆತನದಲ್ಲಿ ಊಟವೆಂದರೆ ಬರೀ ಊಟವಲ್ಲ. ಕೊರಳಲ್ಲಿನ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ತಾಟಿನಲ್ಲಿ ಇದ್ದುದನ್ನು ಮೊದಲು ಅದಕ್ಕೆ ತೋರಿಸಬೇಕು. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದದಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಲಿಂಗಕ್ಕೆ ತೋರಿಸದ್ದು ಬಾಯಿಗೆ ಹೋಗುವಂತಿಲ್ಲ. ಎಲ್ಲರೂ ಇದನ್ನು ಮಾಡುತ್ತಿದ್ದೆವು, ಆದರೆ ಅತ್ತೆ ಮಾಡುವ ರೀತಿಯೇ ಬೇರೆ. ಅವರು ಅದನ್ನು ‘ನಮ್ಮ ಲಿಂಗಯ್ಯ’ ಎನ್ನುತ್ತಿದ್ದರು, ಮನೆಯ ಕಡೇ ಮಗನನ್ನು ಕರೆದ ಹಾಗೆ. ಚಳಿಗಾಲದಲ್ಲಿ ಅವನ ಮೈ ತೊಳೆಯುವ ನೀರನ್ನು ಉಗುರುಬೆಚ್ಚಗೆ ಮಾಡುತ್ತಿದ್ದರು. ಪಲ್ಯಕ್ಕೆ ಖಾರ ಹೆಚ್ಚಾದರೆ, ಇವತ್ತು ಅವನ ಬಾಯಿ ಉರಿಯುತ್ತದೆ ಎಂದು ನನ್ನ ಕಡೆ ದುರುಗುಟ್ಟಿ ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅತ್ತೆಗೆ ನೀರಡಿಕೆ ಹತ್ತಿತು. ಎಷ್ಟು ಕುಡಿದರೂ ಹಿಂಗದ ನೀರಡಿಕೆ. ಬಚ್ಚಲ ಮೂಲೆಯಲ್ಲಿ ಇರುವೆ ಸಾಲುಗಟ್ಟತೊಡಗಿದವು. ನಾವೆಲ್ಲ ಅದನ್ನು ಬಿಸಿಲಿನ ಮೇಲೆ ಹಾಕಿ ಸುಮ್ಮನಿದ್ದೆವು. ಅಷ್ಟರಲ್ಲಿ ತಾಮ್ರದ ಕೊಡ ಕೈಜಾರಿ ಅವರ ಬಲಗಾಲ ಹೆಬ್ಬೆರಳ ಮೇಲೆ ಬಿತ್ತು. ಅರಿಷಿಣ ಮೆತ್ತಿದೆವು, ಬೇವಿನ ನೀರಿನಿಂದ ತೊಳೆದೆವು. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಬಾವು ಪಾದಕ್ಕೆ ಏರಿತು.

ಮಾವನವರು ಟಾಂಗಾ ತರಿಸಿ, ನನ್ನನ್ನೂ ಜೊತೆಗೆ ಕೂಡಿಸಿಕೊಂಡು ಡಾಕ್ಟರರ ಕಡೆಗೆ ಕರೆದೊಯ್ದರು. ಡಾಕ್ಟರರು ವಯಸ್ಸಾದವರು, ತಾಳ್ಮೆಯ ಮನುಷ್ಯ. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ನೀಲಿ ಔಷಧದ ಜೊತೆ ಬೆರೆಸಿ ದೀಪದ ಮೇಲೆ ಕಾಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಸುಟ್ಟ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತು. ನೀಲಿ ನೀಲಿಯಾಗೇ ಉಳಿದರೆ ಒಳ್ಳೆಯದು, ಕೆಂಪಾದಷ್ಟೂ ಮೈಯಲ್ಲಿ ಸಕ್ಕರೆ ಹೆಚ್ಚು ಎಂದು ತಿಳಿಸಿ ಹೇಳಿದರು. ಸಕ್ಕರೆ ಇಳಿಯದೆ ಹುಣ್ಣು ಮಾಯುವುದಿಲ್ಲ. ಹುಣ್ಣು ಮೇಲಕ್ಕೇರಿದರೆ ಕಾಲು ತೆಗೆಯಬೇಕು. ಅದಕ್ಕೂ ತಡವಾದರೆ ಜೀವಕ್ಕೇ ಸಂಚಕಾರ. ಮುಂಬಯಿಯಿಂದ ಒಂದು ಚುಚ್ಚುಮದ್ದು ಬರುತ್ತದೆ, ಆದರೆ ಅದನ್ನು ತಂಪಿನಲ್ಲಿಟ್ಟು ತರಿಸುವುದು, ದಿನಾ ಚುಚ್ಚುವುದು ಎಲ್ಲ ತ್ರಾಸಿನ ಕೆಲಸ, ಮೊದಲು ಪಥ್ಯ ಮಾಡಿ ನೋಡೋಣ ಎಂದರು. ಅನ್ನ, ಬೆಲ್ಲ, ಸಕ್ಕರೆ, ಬಟಾಟಿ, ಬಾಳೆಹಣ್ಣು ಬಂದ್. ರೊಟ್ಟಿ ಅರ್ಧ ಮಾತ್ರ. ಇವುಗಳ ಬದಲಿಗೆ ಮಾಂಸ, ತತ್ತಿ ತಿನ್ನಬೇಕೆಂದು ಅವರ ಪುಸ್ತಕದಲ್ಲಿ ಬರೆದಿತ್ತಂತೆ. ಅತ್ತೆಯ ಹಣೆಯ ವಿಭೂತಿ ನೋಡಿ ಆ ಮಾತು ಎತ್ತಲು ಧೈರ್ಯವಾಗಲಿಲ್ಲ ಎಂದು ಆಮೇಲೆ ಮಾವನವರ ಮುಂದೆ ಹೇಳಿ ನಕ್ಕರಂತೆ.

ಈಗ ಕೇಳಿ, ನಮ್ಮ ಮನೆಯವರೆಲ್ಲ ಸೇರಿ ಮಾಡಿದ ಪೆದ್ದತನ. ಅತ್ತೆ ಪಥ್ಯ ಹಿಡಿದರು. ಹೇಗೆ? ಚಹಾಕ್ಕೆ ಸಕ್ಕರೆ ಬಿಟ್ಟರು. ಧಾರವಾಡದಿಂದ ಯಾರೋ ತಂದ ಪೇಢೆಯ ಪುಡಿಕೆಯನ್ನು ಬಿಚ್ಚದೆ ನನ್ನ ಕೈಗೆ ಕೊಟ್ಟರು. ಆದರೆ ಊಟಕ್ಕೆ ಕುಳಿತು ಲಿಂಗಕ್ಕೆ ತೋರಿಸಿದ್ದನ್ನು ಮಾತ್ರ ಮೊದಲಿನ ಹಾಗೇ ಉಂಡರು. ಅದು ಪ್ರಸಾದವಲ್ಲವೇ? ಪ್ರಸಾದದಲ್ಲಿ ಅನ್ನವೆಲ್ಲಿ, ಬೆಲ್ಲವೆಲ್ಲಿ? ಪ್ರಸಾದದಿಂದ ರೋಗ ಹೋಗಬೇಕೇ ಹೊರತು ಬರುವುದುಂಟೇ? ಮಾವನವರೂ ಹಾಗೇ ಅಂದರು, ನಾನೂ ಹಾಗೇ ನಂಬಿದೆ. ಲಿಂಗಕ್ಕೆ ತೋರಿಸದೆ ತುತ್ತು ಎತ್ತದ ಮನೆಯಲ್ಲಿ ಪ್ರಸಾದವಲ್ಲದ ಊಟ ಯಾವುದಿತ್ತು, ನೀವೇ ಹೇಳಿ! ಕಾರಹುಣ್ಣಿಮೆಗೆ ಹೋಳಿಗೆಯಾಯಿತು. ಅತ್ತೆ ಕಣ್ಣು ಮುಚ್ಚಿ ಅರ್ಪಿಸಿದರು, ಕಣ್ಣು ತೆರೆದು ಉಂಡರು.

ಮತ್ತೆ ಟಾಂಗಾ, ಮತ್ತೆ ನೀಲಿ ಔಷಧ. ಈ ಸಲ ಇಟ್ಟಂಗಿಯ ಬಣ್ಣ ಇನ್ನೂ ಗಾಢ. ಏನೇನು ತಿನ್ನುತ್ತೀರಿ ಎಂದು ಡಾಕ್ಟರರು ಕೇಳಿದಾಗ ಅತ್ತೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಡಾಕ್ಟರರು ನಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಆ ನಳಿಗೆಯನ್ನು ಅತ್ತೆಯ ಕೈಗೇ ಕೊಟ್ಟರು. ಶ್ರಾವಣ ಮುಗಿಯುವುದರೊಳಗೆ ಹುಣ್ಣು ಹಿಮ್ಮೆಟ್ಟದಿದ್ದರೆ ಕಾಲು ತೆಗೆಯದೆ ಗತಿಯಿಲ್ಲ ಎಂದು ಮೆಲ್ಲಗೆ ಹೇಳಿದರು. ಅತ್ತೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ವಾಪಸು ಕೊಟ್ಟರು.

ಟಾಂಗಾದಲ್ಲಿ ಮನೆ ಹತ್ತಿರ ಬಂದಾಗ ತಮಗೆ ತಾವೇ ಅಂದುಕೊಂಡ ಹಾಗೆ ಅಂದರು.

“ಅವಗ ನಾ ಏನ್ ಕೊಡತೇನಿ, ಅಂವ ನನಗ ಅದನ್ನ ತಿರಗಿ ಕೊಡತಾನ. ತಪ್ಪು ಅವಂದಲ್ಲ.”

ಮರುದಿನ ಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ನನ್ನನ್ನು ಕರೆದು ನೈವೇದ್ಯಕ್ಕೆ ಇಟ್ಟಿದ್ದ ಅನ್ನ, ಬೆಲ್ಲ ತೆಗೆಸಿದರು. ಹಕ್ಕರಕಿ ತೊಳೆದು ತಾ, ಗಟ್ಟಿ ಮೊಸರು ತಾ, ಗುರೆಳ್ಳಿನ ಚಟ್ನಿಹಿಂಡಿ ತಾ ಎಂದರು. ಅಷ್ಟನ್ನೇ ತಾಟಿನಲ್ಲಿಟ್ಟು ಲಿಂಗಕ್ಕೆ ತೋರಿಸಿದರು. ನಾನು ಬೆಪ್ಪಾಗಿ ನಿಂತಿದ್ದೆ.

“ಹಂಗ್ಯಾಕ ನೋಡತೀಯವ್ವಾ? ಇವತ್ತಿಂದ ನಮ್ಮ ಲಿಂಗಯ್ಯಗ ಪಥ್ಯಾ ಐತಿ,” ಎಂದರು. “ಅವಗ ಕೊಡದ್ದನ್ನ ನಾ ಹೆಂಗ ತಿನ್ನಲಿ?”

ಆ ಹೊತ್ತಿಗೆ ನನಗೆ ಪೂರ್ತಿ ತಿಳಿಯಲಿಲ್ಲ. ದಿನ ಹೋದಹಾಗೆ ತಿಳಿಯಿತು. ಬಾಯಿಗೆ ಬೇಡವೆಂದು ಹೇಳಿದರೆ ಬಾಯಿ ಕೇಳುವುದಿಲ್ಲ, ಏನಾದರೊಂದು ನೆವ ಹುಡುಕುತ್ತದೆ. ಅತ್ತೆ ಬಾಯಿಯ ಜೊತೆ ಜಗಳಕ್ಕೇ ಹೋಗಲಿಲ್ಲ. ಮಗನ ಹಾಗೆ ಸಾಕಿದ ದೇವರ ಮುಂದಿನಿಂದಲೇ ಹೋಳಿಗೆ ಎತ್ತಿಬಿಟ್ಟರು. ಅಲ್ಲಿಗೆ ಮುಗಿಯಿತು, ನುಸುಳಲು ಇನ್ನು ಸಂದಿ ಎಲ್ಲಿ? ಹೀಗೂ ಒಬ್ಬ ಹೆಂಗಸು ಯೋಚನೆ ಮಾಡಬಲ್ಲಳೇ ಎಂದು ನನಗೆ ಇವತ್ತಿಗೂ ಬೆರಗು.

ಮತ್ತೆ ಆ ಒಲೆ! ದಿನಾ ಅದರ ಮುಂದೆ ಕುಳಿತು ಗಾಡಿಯವರಿಗೆಲ್ಲ ರೊಟ್ಟಿ ಬಡಿಯುವುದನ್ನು ಅವರು ಬಿಡಲಿಲ್ಲ. ಕಟ್ಟು ಕಟ್ಟಿದ ಕಾಲನ್ನು ಒಂದು ಮಣೆಯ ಮೇಲೆ ಚಾಚಿ, ಹಂಚಿನ ಮೇಲೆ ಉಬ್ಬುವ ಬಿಸಿರೊಟ್ಟಿಯನ್ನು ತಿರುವಿ ಹಾಕಿ, ಬಂದವರ ತಾಟಿಗೆ ಬೆಣ್ಣೆ, ಬೆಲ್ಲ ಇಟ್ಟು, ಇನ್ನೊಂದು ಹಾಕಿಕೊಳ್ಳಿರೆಂದು ಒತ್ತಾಯ ಮಾಡಿ… ಎಲ್ಲರದೂ ಆದ ಮೇಲೆ ತಮ್ಮ ತಾಟು ಮುಂದಿಟ್ಟುಕೊಳ್ಳುತ್ತಿದ್ದರು. ಎಣ್ಣೆಗಾಯಿ ಬದನೆ, ಹೀರೇಕಾಯಿ ಪಲ್ಯ, ಹಸಿ ಸೌತೆ, ಮೊಸರು, ಬೆಣ್ಣೆ, ಅಗಸಿ ಹಿಂಡಿ, ಹಿಡಿ ಶೇಂಗಾ. ರೊಟ್ಟಿ ಅರ್ಧ, ಕೆಲವು ದಿನ ಅದೂ ಇಲ್ಲ. ಮಾವನವರು ಪಾಪ, ಹೆಂಡತಿಯ ಎದುರಿಗೆ ತಾವು ಹೇಗೆ ತಿನ್ನುವುದೆಂದು ಒಂದು ಹಬ್ಬಕ್ಕೆ ಹೋಳಿಗೆ ಬೇಡವೆಂದರು. ಅತ್ತೆ ಅವರನ್ನು ಬಿಡಬೇಕಲ್ಲ! “ನಿಮ್ಮ ಲಿಂಗಯ್ಯಗ ಏನಾಗೈತ್ರಿ? ಅವನ್ನ ಯಾಕ ಸುಮ್ಮನ ಉಪಾಸ ಕೆಡವತೀರಿ?” ಎಂದು ಕೇಳಿ ತಾಟಿಗೆ ಹಾಕಿಯೇ ಹಾಕಿದರು.

ಹಾಗಂತ ಸಲೀಸಾಗಿತ್ತೆಂದಲ್ಲ. ಸುರುವಿನ ದಿನಗಳಲ್ಲಿ ತಲೆ ತಿರುಗುತ್ತಿತ್ತು, ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು. ನಾಗರಪಂಚಮಿಗೆ ಓಣಿಯೆಲ್ಲ ಉಂಡಿಯ ಪಾಕದ ವಾಸನೆ ತುಂಬಿಕೊಂಡಿದ್ದಾಗ, ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೇ ಇದ್ದರು. ಹಣಿಕಿ ನೋಡಿದರೆ ಕಣ್ಣಿಂದ ನೀರು ಇಳಿಯುತ್ತಿತ್ತು. ಅಂಜಿಕೊಂಡೇ ಒಳಗೆ ಹೋದೆ.

“ಅತ್ತಿಯಾರ, ಕಾಲು ನೋಯಾಕತ್ತೈತೇನ್ರಿ?”

“ಇಲ್ಲವ್ವಾ. ಅಂವ ಹೋಳಿಗಿ ಕೇಳಾಕತ್ತಾನ. ಸಮಾಧಾನ ಮಾಡಾಕತ್ತೇನಿ.”

ನಾನು ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ನಗು ಬಂದಿತ್ತೋ ಅಳು ಬಂದಿತ್ತೋ ಈಗ ಹೇಳಲಾರೆ.

ಆ ಶ್ರಾವಣದಲ್ಲೇ ಮಾವನವರ ತಂಗಿ ತವರಿಗೆ ಬಂದರು. ಅಣ್ಣಿಗೇರಿಗೆ ಕೊಟ್ಟ ಮಗಳು, ಹಾಗಾಗಿ ನಾವು ಅವರನ್ನು ಅಣ್ಣಿಗೇರಿ ಅತ್ತೆ ಅನ್ನುತ್ತಿದ್ದೆವು. ಬಾಯಿ ದೊಡ್ಡದು, ಕರುಳು ಅದಕ್ಕಿಂತ ದೊಡ್ಡದು. ಅಣ್ಣನ ಹೆಂಡತಿಯಾದ ನಮ್ಮ ಅತ್ತೆಯನ್ನು ವೈನಿ ಅನ್ನುತ್ತಿದ್ದರು, ವೈನಿ ಎಂದರೆ ಅವರಿಗೆ ಜೀವ. ವೈನಿ ಸೊರಗಿದ್ದು ಕಂಡು ಬಾಗಿಲಲ್ಲೇ ಅತ್ತರು. ಆದರೆ ಲಿಂಗದ ಮುಂದೆ ಬರೀ ತಪ್ಪಲ ಕಂಡಾಗ ಆ ಅಳುವೇ ಸಿಟ್ಟಾಯಿತು. ದನಕ್ಕೆ ಹಾಕಿದ ಹಾಗೆ ದೇವರಿಗೆ ತಪ್ಪಲ ಹಾಕುವುದೇ, ದೇವರನ್ನು ಉಪವಾಸ ಕೆಡವಿದರೆ ಕಾಲು ಮಾಯುತ್ತದೆಯೇ, ಇದ್ದಬದ್ದ ಪುಣ್ಯವೂ ಹೋಗಿ ಜೀವವೂ ಹೋದೀತು ಎಂದು ಕೂಗಾಡಿ ಮನೆ ಒಂದು ಮಾಡಿದರು. ಅತ್ತೆ ಕೇಳಿಸಿಕೊಳ್ಳುತ್ತ ಸೊಪ್ಪು ಸೋಸುತ್ತಿದ್ದರು.

ಅಣ್ಣಿಗೇರಿ ಅತ್ತೆ ಅಷ್ಟಕ್ಕೆ ಬಿಡುವ ಪೈಕಿ ಅಲ್ಲ. ಶ್ರಾವಣದ ಕಡೇ ಸೋಮವಾರ ಮಠದ ಸ್ವಾಮಿಗಳು, ನಮ್ಮೆಲ್ಲರ ಬಾಯಲ್ಲಿ ಅಜ್ಜಾರು, ನಮ್ಮ ಮನೆಗೆ ಪೂಜೆಗೆ, ಊಟಕ್ಕೆ ಬರುವ ವಾಡಿಕೆ. ಅಜ್ಜಾರ ಕೈಯಿಂದಲೇ ಹೋಳಿಗೆ ಕೊಡಿಸುತ್ತೇನೆ, ಆಗ ಹೇಗೆ ಬೇಡ ಅನ್ನುತ್ತಾರೆ ನೋಡೋಣ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. ಅಜ್ಜಾರು ಕೊಟ್ಟದ್ದನ್ನು ಯಾರೂ ಬೇಡವೆಂದದ್ದಿಲ್ಲ. ತೆಗೆದುಕೊಂಡರೆ ಲಿಂಗಕ್ಕೆ ತೋರಿಸಬೇಕು, ತಿನ್ನಬೇಕು. ಒಂದು ಸಲ ದಾರಿ ಬಿಟ್ಟುಕೊಟ್ಟರೆ ನಾಳೆಯೂ ಬಿಡಬೇಕು. ಹುಣ್ಣಿನ ಅಂಚಿನಲ್ಲಿ ಆಗಷ್ಟೇ ಹೊಸ ಚರ್ಮ ಕೆಂಪಗೆ ಕಾಣಿಸಿಕೊಂಡಿತ್ತು. ಬೇಡವೆಂದರೆ, ಗುರುವಿನ ಕೈಯ ಪ್ರಸಾದ ತಳ್ಳಿದವಳೆಂದು ಓಣಿಗೆ ಓಣಿಯೇ ಆಡಿಕೊಳ್ಳುತ್ತಿತ್ತು. ಒಂದು ಕಡೆ ಕಾಲು, ಒಂದು ಕಡೆ ಮಾನ.

ಆ ಸೋಮವಾರ ಪಡಸಾಲೆ ತುಂಬ ಜನ. ಅಜ್ಜಾರ ತಾಟಿಗೆ ಮಾಡಿದ ಅಡುಗೆಯೆಲ್ಲ ಬಡಿಸಿತ್ತು: ಹೋಳಿಗೆ, ಕಟ್ಟಿನ ಸಾರು, ಪಲ್ಯ, ಕೋಸಂಬರಿ, ಒಂದು ಬದಿಗೆ ನಾಲ್ಕು ಎಲೆ ಹಕ್ಕರಕಿ. ಅಣ್ಣಿಗೇರಿ ಅತ್ತೆ ಕೈಮುಗಿದು ಎಲ್ಲವನ್ನೂ ಒಪ್ಪಿಸಿದರು. ವೈನಿಗೆ ಬುದ್ಧಿ ಹೇಳಿರೆಂದು ಬೇಡಿಕೊಂಡರು. ಅಜ್ಜಾರು ತಮ್ಮ ತಾಟಿನ ಹೋಳಿಗೆಯಲ್ಲಿ ಒಂದು ತುಂಡು ಮುರಿದು, ಅತ್ತೆಯನ್ನು ಕರೆದು ಕೈ ಚಾಚಿದರು.

ಅತ್ತೆ ಕುಂಟುತ್ತ ಬಂದು ಅವರ ಮುಂದೆ ಕುಳಿತರು. ಅಂಗೈ ಒಡ್ಡಿದರು. ಆದರೆ ಬರಿಯ ಅಂಗೈ ಒಡ್ಡಲಿಲ್ಲ. ಕೊರಳಿನ ಲಿಂಗವನ್ನು ಬಿಚ್ಚಿ ಅದರ ಮೇಲಿಟ್ಟುಕೊಂಡು ಒಡ್ಡಿದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಅದು ಗೊತ್ತಿದ್ದರೆ ಅವರು ಆಡಿದ ಮಾತು ತಿಳಿಯುತ್ತದೆ.

“ಅಜ್ಜಾರ, ನನಗ ಕೊಡಬ್ಯಾಡ್ರಿ, ಇವಗ ಕೊಡ್ರಿ. ಇವ ತಗೊಂಡ್ರ ನಾನೂ ತಗೋತೇನಿ. ಆದ್ರ ನಾ ಸತ್ರ ಇವನೂ ನನ್ನ ಕೈಯಾಗ ಕುಂತು ಮಣ್ಣಾಗ ಬರತಾನ್ರಿ. ಇನ್ನೊಂದೀಟು ದಿನಾ ಇವನ್ನ ಬೆಳಕಿನ್ಯಾಗ ಇಟ್ಟಕೋಬೇಕಂತ ನನ್ನ ಆಸೆ. ಅದಕ್ಕ ಇಬ್ಬರೂ ಕೂಡೇ ಪಥ್ಯಾ ಹಿಡದೇವಿ.”

ಅಜ್ಜಾರ ಚಾಚಿದ ಕೈ ಚಾಚಿದಲ್ಲೇ ಇತ್ತು. ಅವರು ಅತ್ತೆಯ ಮುಖ ನೋಡಿದರು, ಕಟ್ಟು ಕಟ್ಟಿದ ಕಾಲು ನೋಡಿದರು, ಅಂಗೈ ಮೇಲಿನ ಲಿಂಗ ನೋಡಿದರು. ಆಮೇಲೆ ಆ ಹೋಳಿಗೆಯ ತುಂಡನ್ನು ತಮ್ಮ ಬಾಯಿಗೇ ಹಾಕಿಕೊಂಡರು. ತಾಟಿನ ಬದಿಯಿಂದ ಹಕ್ಕರಕಿಯ ಒಂದು ಎಲೆ ತೆಗೆದು ಲಿಂಗದ ಮಗ್ಗುಲಿಗೆ ಇಟ್ಟರು.

“ಅವನ್ನ ಛಲೋತ್ನ್ಯಾಗ ನೋಡಕೋ, ತಾಯಿ,” ಎಂದರು.

ಅತ್ತೆ ಕಣ್ಣು ಮುಚ್ಚಿ ಅದನ್ನು ಅರ್ಪಿಸಿ ಅಲ್ಲೇ ತಿಂದರು. ಅಣ್ಣಿಗೇರಿ ಅತ್ತೆ ಕಂಬಕ್ಕೆ ಒರಗಿಕೊಂಡು ಬಿಕ್ಕುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ದೊಡ್ಡ ದೊಡ್ಡವರ ಭಾಷಣ ಆ ಮೇಲೆ ಎಷ್ಟೋ ಕೇಳಿದ್ದೇನೆ. ಆ ಮಾತಿನ ತೂಕ ಮತ್ತೆ ಎಲ್ಲಿಯೂ ಸಿಕ್ಕಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಹುಣ್ಣು ಹಿಮ್ಮೆಟ್ಟಿತ್ತು. ದಸರೆಯ ಆಸುಪಾಸಿಗೆ ಮತ್ತೆ ಡಾಕ್ಟರರ ಕಡೆಗೆ ಹೋದೆವು. ನಳಿಗೆ ಕಾಯಿತು, ಕುದಿಯಿತು… ನೀಲಿ ನೀಲಿಯಾಗೇ ಉಳಿಯಿತು. ಡಾಕ್ಟರರು ಅದನ್ನು ಹಿಂದಿನ ಹಾಗೆಯೇ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಇನ್ನೊಂದು ಕೈಯಿಂದ ಎದೆಯ ಮೇಲಿನ ಲಿಂಗವನ್ನು ಮೆಲ್ಲಗೆ ತಟ್ಟಿದರು, ಶಹಬ್ಬಾಸ್ ಅನ್ನುವ ಹಾಗೆ. ಕಾಲು ಉಳಿಯಿತು. ಹೆಬ್ಬೆರಳ ಉಗುರು ಮಾತ್ರ ಮತ್ತೆ ಬರಲಿಲ್ಲ.

ಯುದ್ಧ ಬಂತು, ರೇಶನ್ ಬಂತು. ಊರೆಲ್ಲ ಸಕ್ಕರೆಗೆ ಸಾಲು ಹಚ್ಚಿ ನಿಂತಾಗ ಅತ್ತೆಯ ಪಾಲಿನದು ನನ್ನ ಮಕ್ಕಳಿಗೆ ಬರುತ್ತಿತ್ತು. ನಮ್ಮ ಲಿಂಗಯ್ಯ ಮೊದಲೇ ಕಲಿತುಬಿಟ್ಟಿದ್ದಾನೆ ಎಂದು ಅವರು ನಗುತ್ತಿದ್ದರು. ಮೈ ಇಳಿದು, ಸೀರೆಗೆ ನಿರಿಗೆ ಹೆಚ್ಚು ಬರುತ್ತಿದ್ದವು. ರೊಟ್ಟಿ ಬಡಿಯುವ ಸದ್ದು ಮಾತ್ರ ಇಳಿಯಲಿಲ್ಲ. ಅಷ್ಟು ವರ್ಷಗಳಲ್ಲಿ ಹಬ್ಬವಾಗಲಿ ಮದುವೆಯಾಗಲಿ, ಹೋಳಿಗೆಯ ಒಂದು ಚೂರು ಅವರ ಬಾಯಿಗೆ ಹೋದದ್ದನ್ನು ನಾನು ಕಂಡಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಚಳಿಗಾಲದಲ್ಲಿ ಜ್ವರ ಬಂದು ಅತ್ತೆ ಹೋದರು. ಎರಡೂ ಕಾಲು ಮಡಿಸಿ, ಪೂಜೆಗೆ ಕುಳಿತ ಹಾಗೇ ಅವರನ್ನು ಕೂಡಿಸಿದರು. ಎರಡೂ ಕಾಲು… ಅದನ್ನು ನೋಡಿಯೇ ನಾನು ಅತ್ತದ್ದು. ಎಡ ಅಂಗೈಯಲ್ಲಿ ಲಿಂಗಯ್ಯ ಇದ್ದ.

ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯುವ ಪದ್ಧತಿ. ಸತ್ತವರಿಗೆ ಪ್ರೀತಿಯಾದದ್ದನ್ನು ಮಾಡಿಕೊಂಡು ಹೋಗಬೇಕು. ಅಣ್ಣಿಗೇರಿ ಅತ್ತೆ ಬೆಳಗಿನಿಂದ ಯಾರನ್ನೂ ಒಲೆಯ ಹತ್ತಿರ ಬರಗೊಡದೆ ತಾವೇ ಹೋಳಿಗೆ ಮಾಡಿದರು. ಅಲ್ಲಿ ಹೋಗಿ ಎಲೆ ಹಾಸಿ, ಹೋಳಿಗೆ ಇಟ್ಟು, ಮೇಲೆ ಕೈತುಂಬ ತುಪ್ಪ ಸುರಿದರು.

“ಇದು ನಮ್ಮ ವೈನಿಗೆ. ಈಗರ ತಿನ್ನಲಿ,” ಎಂದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಕ್ಕರಕಿ ತೆಗೆದು ಅದರ ಮಗ್ಗುಲಿಗೆ ಇಟ್ಟರು. “ಇದು ಅವಗ. ಪಾಪ, ಅವಗ ಇದ ರೂಢಿ ಆಗೈತಿ.”

ಮೊನ್ನೆ ಎರಡು ಸಿವುಡು ಹಕ್ಕರಕಿ ಕೊಂಡೆ. ತೊಳೆದು, ಮೊಸರು ಹಾಕಿಕೊಂಡು, ತಾಟು ಮುಂದಿಟ್ಟುಕೊಂಡು ಕುಳಿತೆ. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು, ಇವತ್ತಿಂದ ನಿನಗೂ ಪಥ್ಯ ಎಂದೆ. ನನ್ನ ಲಿಂಗಯ್ಯ ಮೊದಲ ದಿನವೇ ಹಟ ಹಿಡಿದ. ಅವನಿಗೆ ಬಿಸಿ ಅನ್ನ ಬೇಕಂತೆ, ಮೇಲೆ ಸಾರು ಬೇಕಂತೆ… ಪೂರಾ ಬಾಯಿಚಪಲದವನು. ಎಷ್ಟು ಹೇಳಿದರೂ ಕೇಳಲೊಲ್ಲ. ಆಗ ಹೊಳೆಯಿತು: ಅತ್ತೆ ಅವನಿಗೆ ಏನು ಹೇಳಿ ಸಮಾಧಾನ ಮಾಡುತ್ತಿದ್ದರೆಂದು ನಾನು ಕೇಳಿಯೇ ಇರಲಿಲ್ಲ. ಅಷ್ಟು ವರ್ಷ ಮಗ್ಗುಲಲ್ಲೇ ಇದ್ದೆ. ಆ ಮಾತು ಅವರ ಜೊತೆಗೇ ಮಣ್ಣಿಗೆ ಹೋಯಿತು.

“ಅತ್ತಿಯಾರ, ಏನಂತ ಹೇಳತಿದ್ರಿ ಅವಗ?” ಎಂದು ಗಟ್ಟಿಯಾಗಿಯೇ ಕೇಳಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಂಗೈ ಮೇಲೆ ಒಂದು ಎಲೆ ಇಟ್ಟುಕೊಂಡು ಕಣ್ಣು ಮುಚ್ಚಿದೆ.